ತಂಗಿ ಮಾಡಿದ ಚಾಕು

ಆಕೆ ಕತ್ತರಿ ಕಾರ್ಖಾನೆಯ ಸಾಣೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಕಾರ್ಖಾನೆ ಮುಚ್ಚಿದಾಗ ಜೊತೆಯವರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ಆಕೆ ಹರಾಜಿನಲ್ಲಿ ಒಂದು ಸಾಣೆ ಯಂತ್ರ, ಒಂದು ಡ್ರಿಲ್ಲು, ಲೋಹವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಒಂದು ಹಳೆಯ ವೈಸು ಕೊಂಡು ತಂದು ಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿದಳು. ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಕೆಳಗೆ ಮರದ ಬೆಂಚು, ಪಕ್ಕದ ಗೋಡೆಯಲ್ಲಿ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಅರಗಳು. ಅಲ್ಲಿ ಆಕೆ ಮಡಚುವ ಚಾಕುಗಳನ್ನು ಮಾಡತೊಡಗಿದಳು. ಬೇರೆ ಏನೂ ಇಲ್ಲ. ಅಡುಗೆಮನೆಗೆ ಒಂದು ಮಾಡಿಕೊಡಿ ಎಂದು ಬಂದವರನ್ನು "ಅದು ಅಂಗಡೀಲೇ ಚೆನ್ನಾಗಿರೋದು ಸಿಗುತ್ತೆ" ಎಂದು ಕಳಿಸಿಬಿಡುತ್ತಿದ್ದಳು. ಬೀದಿಯವರು ಆಕೆಗೆ ಚಾಕಮ್ಮ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಆಕೆಯೇ ಅದನ್ನು ಪೊಟ್ಟಣದ ಮೇಲೆ ಬರೆಯತೊಡಗಿದ ಮೇಲೆ ಗೇಲಿ ಮಾಡುವವರಿಗೆ ಕೆಲಸವಿಲ್ಲದಂತಾಯಿತು.

ಮೂರು ವರ್ಷದಲ್ಲಿ ಒಂದೇ ಮಾದರಿಯ ಅರವತ್ತಮೂರು ಚಾಕುಗಳು ಆಕೆಯ ಕೈಯಿಂದ ಹೊರಗೆ ಹೋದವು. ತೆಳ್ಳಗಿನ, ಹಗುರವಾದ, ಅಂಗಿಯ ಜೇಬಿನಲ್ಲಿದ್ದರೂ ಇದೆ ಅನ್ನಿಸದಂಥ ಚಾಕು. ಅಲಗನ್ನು ಬಿಚ್ಚಿದರೆ ಹಿಡಿಯೊಳಗಿನ ಒಂದು ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತಿತ್ತು. ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಬೀಗ ಅದು. ನಿಂತಾಗ ಟಿಕ್ ಎಂದು ಒಂದು ಸದ್ದು. ಜನ ಆ ಸದ್ದಿಗೇ ಮರುಳಾಗುತ್ತಿದ್ದರು. ಕೊಂಡವರೆಲ್ಲರ ವಿಳಾಸ ಆಕೆಯ ಹತ್ತಿರ ಇತ್ತು, ಏಕೆಂದರೆ ಯಾವಾಗ ಮೊಂಡಾದರೂ ತಂದು ಕೊಡಿ, ಸಾಣೆ ಹಿಡಿದುಕೊಡುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದಳು.

ಅವುಗಳಲ್ಲಿ ಮೊಟ್ಟಮೊದಲನೆಯದು ಆಕೆಯ ಅಣ್ಣನ ಕೈ ಸೇರಿತ್ತು. ಅಣ್ಣ ಊರಾಚೆಯ ಸಸಿ ತೋಟದಲ್ಲಿ ಕಸಿ ಕಟ್ಟುವವನು. ಬೆಳಗಿನಿಂದ ಸಂಜೆಯವರೆಗೆ ಕಾಂಡ ಸೀಳುವುದು, ಸೀಳಿನೊಳಗೆ ಬೇರೆ ಮರದ ಕಡ್ಡಿ ಕೂರಿಸುವುದು, ಪಟ್ಟಿ ಸುತ್ತುವುದು. ತಂಗಿಯ ಚಾಕು ಬಂದ ಮೇಲೆ ಉಳಿದ ಚಾಕುಗಳನ್ನೆಲ್ಲ ಅವನು ಯಾರಿಗೋ ಕೊಟ್ಟುಬಿಟ್ಟಿದ್ದ.

ಒಂದು ಬೆಳಿಗ್ಗೆ, ಸೀಳಿನಲ್ಲಿ ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಎಳೆಯುವಾಗ, ಚಾಕು ಅವನ ಕೈಯ ಮೇಲೇ ಮಡಚಿಕೊಂಡಿತು. ಬಲಗೈ ತೋರುಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು. ಡಾಕ್ಟರು ಹೊಲಿಗೆ ಹಾಕಿ ಉಳಿದದ್ದನ್ನು ಉಳಿಸಿದರು.

ಆಕೆ ಸುದ್ದಿ ಕೇಳಿ ಆಸ್ಪತ್ರೆಗೆ ಓಡಿದಾಗ ಅಣ್ಣ ಎದ್ದು ಕೂತಿದ್ದ.

"ಬೀದಿ ಬದಿಯಲ್ಲಿ ತಗೊಂಡಿದ್ದ ಒಂದು ದರಿದ್ರ ಚಾಕು ಕಣೇ," ಎಂದ.

"ನಾನು ಮಾಡಿಕೊಟ್ಟಿದ್ದು ಏನಾಯ್ತು?"

"ಅವತ್ತು ಮನೇಲಿ ಬಿಟ್ಟು ಹೋಗಿದ್ದೆ."

ಆಕೆ ಅವನಿಗೆ ಚೆನ್ನಾಗಿ ಬೈದಳು. ಮನೆಯಲ್ಲಿ ಒಳ್ಳೆಯದು ಇಟ್ಟುಕೊಂಡು ಬೀದಿಯದ್ದು ಹಿಡಿಯುವವನಿಗೆ ಏನನ್ನಬೇಕು ಎಂದಳು. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲಿನ ವಾರಗಳಲ್ಲಿ ಚಾಕು ನೋಡಲು ಬಂದ ಇಬ್ಬರಿಗೆ ಆಕೆ ಅಣ್ಣನ ಬೆರಳಿನ ಕತೆ ಹೇಳಿದಳು. ಅಗ್ಗದ ಚಾಕು ಎಂಥ ಕೆಲಸ ಮಾಡುತ್ತದೆ ನೋಡಿ ಎಂದಳು. ಇಬ್ಬರೂ ಒಂದೊಂದು ಕೊಂಡರು.

ಐದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಬಂದಳು. ಸಾಮಾನ್ಯವಾಗಿ ಅಡುಗೆಮನೆಯ ಕಡೆಯಿಂದ ಬರುವವಳು ಅಂದು ನೇರ ಹಿಂದಿನ ಕೋಣೆಗೆ ಬಂದು, ಒಂದು ಬಟ್ಟೆಯ ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದಳು.

"ಬೀರು ಹಿಂದೆ ಸಿಕ್ತು. ಗುಡಿಸೋವಾಗ," ಎಂದಳು.

ಆಕೆ ನೋಡಿದಳು. ಹಿಡಿಯ ಮರದ ಗೆರೆಯಿಂದಲೇ ಗುರುತು ಸಿಕ್ಕಿತು. ಹಿಡಿಯ ಸಂದಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

"ಬೀದಿ ಚಾಕು ಅಂದಿದ್ದ."

"ನನಗೂ ಹಾಗೇ ಅಂದಿದ್ರು." ಅತ್ತಿಗೆ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೇನು ಜಗಳಕ್ಕೆ ಬಂದಿಲ್ಲ ನೋಡು. ನಿನಗೆ ಗೊತ್ತಿರಬೇಕು ಅನ್ನಿಸ್ತು. ಮಾಡಿದವಳಿಗೇ ಗೊತ್ತಿಲ್ಲ ಅಂದ್ರೆ ಹೇಗೆ?"

ಅಷ್ಟೇ ಹೇಳಿ ಹೊರಟಳು. ಕಾಫಿ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ.

ಆಕೆ ಚಾಕುವನ್ನು ಬಿಚ್ಚಿ, ಭಾಗ ಭಾಗ ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದಳು. ಟಿಕ್ ಎಂದು ಬೀಗ ಕೂತಿತು. ವೈಸಿಗೆ ಕಚ್ಚಿಸಿ ಅಲಗಿನ ಬೆನ್ನಿನ ಮೇಲೆ ಮರದ ಸುತ್ತಿಗೆಯಿಂದ ಹೊಡೆದಳು. ಕದಲಲಿಲ್ಲ. ಇನ್ನೂ ಜೋರಾಗಿ ಹೊಡೆದಳು. ಕದಲಲಿಲ್ಲ. ಸಂಜೆಯವರೆಗೆ ಹೊಡೆದರೂ ಆ ಚಾಕುವಿನಲ್ಲಿ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಕೆಯ ಗಂಡ ಬಸ್ ಓಡಿಸುವವನು. ಕೆಲಸದಿಂದ ಬಂದವನು ಬಾಗಿಲಲ್ಲಿ ನಿಂತು, ಬೂಟು ಬಿಚ್ಚುತ್ತಾ, ಆಕೆ ಹೇಳಿದ್ದನ್ನೆಲ್ಲ ಕೇಳಿದ.

"ತೊಳೆದ ಮೇಲೆ ಹೊಡೆದು ನೋಡಿದ್ಯಾ?"

"ತೊಳೀದೆ ಹೇಗೆ ನೋಡೋದು?"

"ನಮ್ಮ ಗ್ಯಾರೇಜಲ್ಲಿ ಎಲ್ಲಾ ಬ್ರೇಕೂ ಹಿಡಿಯುತ್ತೆ," ಎಂದ ಗಂಡ. "ಕೆಸರಲ್ಲಿ ಹಿಡಿಯೋದು ಎಷ್ಟು ಅಂತ ನಮಗೆ ತಾನೇ ಗೊತ್ತು."

ಆಕೆ ಸುತ್ತಿಗೆ ಕೆಳಗಿಟ್ಟಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಸಸಿ ತೋಟಕ್ಕೆ ಹೋದಳು.

ಅಣ್ಣ ನೆರಳು ಬಲೆಯ ಕೆಳಗೆ ಬೋರಲು ಹಾಕಿದ ಕುಂಡದ ಮೇಲೆ ಕೂತು ಎಡಗೈಯಲ್ಲಿ ಪಟ್ಟಿ ಸುತ್ತುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಪಟ್ಟಿ ಮೂರು ಸುತ್ತು ಬಂದು ನಾಲ್ಕನೆಯದರಲ್ಲಿ ಜಾರುತ್ತಿತ್ತು.

"ಅವತ್ತು ಯಾವ ಮರ ಸೀಳ್ತಿದ್ದೆ?" ಎಂದು ಕೇಳಿದಳು.

ಅವನು ಆಕೆಯ ಮುಖ ನೋಡಿದ. "ನಿಮ್ಮತ್ತಿಗೆ ಬಾಯಿ ಬಿಟ್ಲಾ?"

"ಚಾಕು ಬಿಟ್ಟಿತು. ಯಾವ ಮರ?"

ಅವನು ಕೈ ತೋರಿಸಿದ. ಬೇಲಿಯ ಪಕ್ಕದ ಸಾಲಿನ ಗಿಡಗಳ ತೊಗಟೆಯ ಮೇಲೆ ಜೇನುಬಣ್ಣದ ಅಂಟು ಹನಿಹನಿಯಾಗಿ ಗಟ್ಟಿಯಾಗಿತ್ತು. ಆಕೆ ಒಂದು ಹನಿಯನ್ನು ಉಗುರಿನಿಂದ ಎಬ್ಬಿಸಿ ಬೆರಳುಗಳ ನಡುವೆ ತಿಕ್ಕಿದಳು. ಬೆಚ್ಚಗಾದಂತೆ ಅದು ಮೆತ್ತಗಾಗಿ ಜಾರತೊಡಗಿತು. ಆಕೆಗೆ ಎಲ್ಲ ತಿಳಿಯಿತು. ಅಂಟು ಅಲಗಿನ ಬುಡದಲ್ಲಿ ಪದರ ಪದರವಾಗಿ ಕೂತಿದೆ. ತಗಡು ಪೂರ್ತಿ ಅಡ್ಡ ಬರಲಾಗದೆ ಅಂಚಿನಲ್ಲಿ ನಿಂತಿದೆ. ಟಿಕ್ ಎಂದಿದೆ, ಆದರೆ ಬೀಗ ಬಿದ್ದಿಲ್ಲ. ಕೈಯ ಬಿಸಿಗೆ ಅಂಟು ಕರಗಿದೆ.

"ಯಾಕೆ ಸುಳ್ಳು ಹೇಳಿದೆ?"

"ನಿನ್ನ ಹೆಸರು ಈಗಷ್ಟೇ ನಾಲ್ಕು ಜನಕ್ಕೆ ಗೊತ್ತಾಗ್ತಿತ್ತು. ಬೆರಳಂತೂ ಹೋಯ್ತು, ಅದರ ಜೊತೆ ಇದೂ ಯಾಕೆ ಹೋಗಬೇಕು ಅಂದ್ಕೊಂಡೆ."

"ಇನ್ನೂ ಅರವತ್ತೆರಡು ಜನರ ಜೇಬಲ್ಲಿ ಅದೇ ಚಾಕು ಇದೆ ಅಣ್ಣ."

ಅವನು ಪಟ್ಟಿ ಸುತ್ತುವುದನ್ನು ನಿಲ್ಲಿಸಿದ.

"ಐದು ವಾರ ನೀನು ಸುಮ್ಮನಿದ್ದೆ. ನಾನು ಆಮೇಲೆ ಎರಡು ಮಾರಿದೀನಿ. ನಿನ್ನ ಬೆರಳಿನ ಕತೆ ಹೇಳ್ಕೊಂಡೇ ಮಾರಿದೀನಿ."

ಅವನು ಪಟ್ಟಿಯನ್ನು ಕೆಳಗಿಟ್ಟು, "ಅದು ನನಗೆ ಹೊಳೀಲೇ ಇಲ್ಲ ಸಣ್ಣಿ," ಎಂದ. ಸಣ್ಣಿ ಎಂದು ಅವನು ಆಕೆಯನ್ನು ಕರೆಯುತ್ತಿದ್ದುದು ಚಿಕ್ಕಂದಿನಲ್ಲಿ. ಆಕೆ ಒಂದು ಬಾಟಲಿ ಕೇಳಿ ಇಸಿದುಕೊಂಡು, ಸಾಲಿನುದ್ದಕ್ಕೂ ನಡೆದು ಅಂಟನ್ನು ಕೆರೆದು ತುಂಬಿಕೊಂಡು ಹೊರಟಳು. ಬಸ್ಸಿನವರೆಗೆ ಬರುತ್ತೇನೆಂದು ಎದ್ದವನನ್ನು ಬೇಡ ಎಂದಳು.

ಆ ವಾರ ಅರವತ್ತೆರಡು ಕಾಗದ ಬರೆದಳು. ಅಚ್ಚು ಹಾಕಿಸಬಹುದಿತ್ತು, ಕೈಯಲ್ಲೇ ಬರೆದಳು. "ನಾನು ಮಾಡಿದ ಚಾಕುವಿನ ಬೀಗದಲ್ಲಿ ಅಂಟು ಅಥವಾ ಕೊಳೆ ಕೂತರೆ ಅದು ಕೈಯ ಮೇಲೆ ಮಡಚಿಕೊಳ್ಳುತ್ತದೆ. ಒಬ್ಬರ ಬೆರಳು ಹೋಗಿದೆ. ದಯವಿಟ್ಟು ಇಂದಿನಿಂದಲೇ ಬಳಸಬೇಡಿ. ವಾಪಸು ಕಳಿಸಿ. ಗಟ್ಟಿಯಾದದ್ದು ಮಾಡಿದಾಗ ಮೊದಲು ನಿಮಗೆ ಕಳಿಸುತ್ತೇನೆ. ಎಷ್ಟು ದಿನ ಹಿಡಿಯುತ್ತದೋ ತಿಳಿಯದು." ಮೊದಲ ಎರಡು ಕಾಗದಗಳನ್ನು ಅಂಚೆಗೆ ಹಾಕದೆ ಆಕೆ ತಾನೇ ಒಯ್ದಳು. ಬೆರಳಿನ ಕತೆ ಕೇಳಿ ಕೊಂಡಿದ್ದ ಆ ಇಬ್ಬರ ಎದುರು ನಿಂತು, ಕತೆಯಲ್ಲಿದ್ದ ಚಾಕು ತನ್ನದೇ ಎಂದು ಹೇಳಿದಳು. ಒಬ್ಬ ನಕ್ಕ. ಇನ್ನೊಬ್ಬ ಚಾಕು ತಂದುಕೊಟ್ಟು ಬಾಗಿಲು ಹಾಕಿಕೊಂಡ.

ನಲವತ್ತೇಳು ಚಾಕುಗಳು ಹಿಂದಕ್ಕೆ ಬಂದವು. ಕಳೆದುಹೋಗಿದೆ ಎಂದು ನಾಲ್ವರು ಬರೆದರು. ಹತ್ತು ಜನರಿಂದ ಉತ್ತರವೇ ಇಲ್ಲ. ಒಬ್ಬ ಮಾತ್ರ ಕೊಡುವುದಿಲ್ಲ ಎಂದು ಬರೆದ. ಅವನು ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು.

ಆಕೆ ಅವನ ಅಂಗಡಿಗೆ ಹೋದಳು. ಮೇಜಿನ ಮೇಲೆ ಅಂಟಿನ ಡಬ್ಬಿ, ಅದರ ಪಕ್ಕದಲ್ಲೇ ಆಕೆಯ ಚಾಕು ಬಿಚ್ಚಿಕೊಂಡು ಬಿದ್ದಿತ್ತು.

"ನಿಮ್ಮ ಹತ್ತಿರಾನೂ ಅಂಟೇ," ಎಂದಳು.

"ಮೂವತ್ತು ವರ್ಷದಿಂದ ಅಂಟೇ," ಎಂದ ರಟ್ಟಿನವನು. ಕೈಯಲ್ಲಿನ ಹಾಳೆಗಳನ್ನು ತಟ್ಟಿ ಸಮ ಮಾಡುತ್ತಿದ್ದವನು ತಲೆ ಎತ್ತಲಿಲ್ಲ. "ನೋಡಿ ಚಾಕಮ್ಮ, ಈ ಕೈಗೆ ಒಗ್ಗೋ ಚಾಕು ಸಿಕ್ಕಿದ್ದು ಇದೊಂದೇ. ನೀವೇ ಕೊಟ್ರಿ. ಈಗ ನೀವೇ ಕಿತ್ಕೊಳ್ತೀನಿ ಅಂದ್ರೆ?"

"ಬೆರಳು ಹೋಗುತ್ತೆ."

"ಹೋದಾಗ ನಿಮ್ಮನ್ನ ಬೈಯಲ್ಲ. ಬರೆದು ಕೊಡ್ಲಾ?"

"ಬೈಯೋದು ಬಿಡೋದು ನನಗೆ ಬೇಕಾಗಿಲ್ಲ," ಎಂದಳು ಆಕೆ. ಅವನು ಕೊಡಲಿಲ್ಲ.

ಹೊಸ ಚಾಕುವಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳು ಆಕೆ ದರ್ಜಿಗಳ ಕತ್ತರಿಗೆ ಸಾಣೆ ಹಿಡಿದು ಕಾಲ ಹಾಕಿದಳು. ತೆಳು ತಗಡಿನ ಬೀಗವನ್ನು ಪೂರ್ತಿ ಬಿಟ್ಟು, ಹಿಡಿಯ ಬೆನ್ನಿನುದ್ದಕ್ಕೂ ಒಂದು ದಪ್ಪ ಉಕ್ಕಿನ ಪಟ್ಟಿ ಇಟ್ಟಳು. ಪಟ್ಟಿಯ ತುದಿಯಲ್ಲಿ ಒಂದು ಹಲ್ಲು; ಅಲಗಿನ ಬುಡದಲ್ಲಿ ಅದಕ್ಕೆ ತಕ್ಕ ಕಚ್ಚು. ಅಲಗು ಬಿಚ್ಚಿಕೊಂಡಾಗ ಹಲ್ಲು ಕಚ್ಚಿನೊಳಗೆ ಬೀಳಬೇಕು, ಹಿಂದುಗಡೆ ಒತ್ತಿದಾಗ ಏಳಬೇಕು. ಹೇಳಲು ಇಷ್ಟೇ. ಮೊದಲು ರಟ್ಟಿನಲ್ಲಿ ಕತ್ತರಿಸಿ ಗುಂಡುಸೂಜಿ ಚುಚ್ಚಿ ಆಡಿಸಿ ನೋಡಿದಳು, ಆಮೇಲೆ ತಗಡಿನಲ್ಲಿ, ಆಮೇಲೆ ಉಕ್ಕಿನಲ್ಲಿ. ಮೊದಲನೆಯದರ ಸ್ಪ್ರಿಂಗು ಎಷ್ಟು ಬಿಗಿಯಾಯಿತೆಂದರೆ ಗಂಡ ಎರಡೂ ಕೈ ಹಾಕಿ ಬಿಚ್ಚಬೇಕಾಯಿತು. ಎರಡನೆಯದರ ಹಲ್ಲಿಗೆ ಕಾಯಿಸಿ ಕೊಟ್ಟ ಹದ ಜಾಸ್ತಿಯಾಗಿ ಬಳಪದಂತೆ ಮುರಿಯಿತು. ಮೂರನೆಯದು ಎಲ್ಲ ಸರಿಯಿತ್ತು. ಬಾಟಲಿಯ ಅಂಟನ್ನು ಕಚ್ಚಿಗೆ ಸವರಿ ಹೊಡೆದಾಗ ಮೊದಲ ಏಟಿಗೇ ಮಡಚಿಕೊಂಡಿತು.

ಅಂಟು ಮುಗಿದಾಗ ಆಕೆ ಅಣ್ಣನಿಗೆ ಹೇಳಿಕಳಿಸಿದಳು. ಅಣ್ಣ ಮೂರು ಬಾಟಲಿ ತುಂಬಿಸಿಕೊಂಡು ಬಂದ, ಒಂದೊಂದು ಮರದ್ದು ಒಂದೊಂದರಲ್ಲಿ. ಸಸಿ ತೋಟದಲ್ಲಿ ಅಂದು ಆದ ಮಾತಿನ ನಂತರ ಇಬ್ಬರೂ ಮಾತಾಡಿರಲಿಲ್ಲ. ಬಾಟಲಿಗಳನ್ನು ಬೆಂಚಿನ ಮೇಲಿಟ್ಟು ಅವನು ಹೋಗಲು ತಿರುಗಿದ.

"ಕೂತ್ಕೋ," ಎಂದಳು ಆಕೆ. "ಇದನ್ನ ಹಿಡಿಯೋನು ನೀನು. ನಿನ್ನ ಕೈಲಿ ಆಗಲಿಲ್ಲ ಅಂದ್ರೆ ಮಾಡಿ ಏನು ಪ್ರಯೋಜನ?"

ಅಂದಿನಿಂದ ಅವನು ವಾರಕ್ಕೆರಡು ಸಂಜೆ ಬಂದು ಕೂರತೊಡಗಿದ. ಕಚ್ಚಿನ ತಳವನ್ನು ಕತ್ತರಿಸಿ ತೆರೆದುಬಿಟ್ಟರೆ ಹಲ್ಲು ಬಿದ್ದಾಗ ಅಂಟು ಆಚೆ ಹೊರಟುಹೋಗುತ್ತದೆ ಎಂಬುದು ಆಕೆಗೆ ಹೊಳೆದದ್ದು ಐದನೆಯ ಚಾಕುವಿನಲ್ಲಿ. ಆಗ ಮಾಡಿದ ಚಾಕುವಿನಿಂದ ಅಂಟು ನಿಜಕ್ಕೂ ಹುಳುವಿನಂತೆ ಹೊರಬಂತು. ಅಣ್ಣ ನಕ್ಕ. ಆಕೆಯೂ ಸ್ವಲ್ಪ ನಕ್ಕಳು. ಆದರೆ ಒಣಗಿದ ಅಂಟು ಹೊರಬರಲಿಲ್ಲ. ಹತ್ತರಲ್ಲಿ ಒಂದು ಸಲವಾದರೂ ಹಲ್ಲು ಅರ್ಧದಲ್ಲೇ ನಿಲ್ಲುತ್ತಿತ್ತು.

ಏಳನೆಯದನ್ನು ಅಣ್ಣ ಕಿಟಕಿಯ ಕಡೆ ನೋಡುತ್ತಾ ಬಿಚ್ಚುತ್ತಿದ್ದ. "ಇದು ಕೂತಿಲ್ಲ," ಎಂದ.

"ನೋಡದೇ ಹೇಗೆ ಹೇಳ್ತೀಯ?"

"ಬೆನ್ನ ಮೇಲೆ ಎಡವುತ್ತಲ್ಲ." ಅವನು ತೋರಿಸಿದ. ಹಲ್ಲು ಪೂರ್ತಿ ಬೀಳದಿದ್ದರೆ ಬೆನ್ನಿನ ಪಟ್ಟಿ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತಿತ್ತು. ಗೆಣ್ಣಿಲ್ಲದ ಬೆರಳಿನ ತುದಿಗೆ ಅದು ಚುರುಕಾಗಿ ತಿಳಿಯುತ್ತಿತ್ತು. "ಉಳಿದ ಬೆರಳಿಗೆ ಗೊತ್ತಾಗಲ್ಲ. ಇದಕ್ಕೆ ಗೊತ್ತಾಗುತ್ತೆ."

ಆಕೆ ಆ ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದಳು, ಕೈಗೆ ನಯವಾಗಿರಲಿ ಎಂದು. ನಯಗೆಲಸದಲ್ಲಿ ಆಕೆಗೆ ಹೆಮ್ಮೆಯಿತ್ತು. ಎಂಟನೆಯದರಲ್ಲಿ ಅಂಚನ್ನು ಹಾಗೇ ಬಿಟ್ಟಳು. ಅಷ್ಟೇ ಅಲ್ಲ, ಅಲಗಿನ ಬುಡದ ಕಡೆಯ ಅಂಚನ್ನೂ ಚೌಕವಾಗಿ ನಿಲ್ಲಿಸಿದಳು. ಬೀಗ ಬಿದ್ದರೆ ಬೆನ್ನು ಒಂದೇ ಸಮ. ಬೀಳದಿದ್ದರೆ ಯಾರ ಹೆಬ್ಬೆರಳಿಗಾದರೂ ತಿಳಿಯುವಂಥ ಮೆಟ್ಟಿಲು. ಅತ್ತಿಗೆಯನ್ನು ಕರೆಸಿ, ಕಣ್ಣು ಮುಚ್ಚಿಸಿ, ಇಪ್ಪತ್ತು ಸಲ ಹಿಡಿಸಿ ಕೇಳಿದಳು. ಅತ್ತಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಹೇಳಿ, "ಇಷ್ಟಕ್ಕೆ ನನ್ನನ್ನ ಒಲೆ ಮುಂದಿನಿಂದ ಎಬ್ಬಿಸಿದ್ರಾ?" ಎಂದಳು.

ಒಂಬತ್ತನೆಯ ಚಾಕುವನ್ನು ವೈಸಿಗೆ ಕಚ್ಚಿಸಿದರು. ಹರಿತ ಮಾಡದ ಅಲಗು, ಬಾಯಿ ಕೆಳಗೆ, ಬೆನ್ನು ಮೇಲೆ. ಬೆನ್ನ ಮೇಲಿಂದ ಸರಪಳಿ ಇಳಿಬಿಟ್ಟು ಬಕೆಟ್ ತೂಗುಹಾಕಿದರು. ನೀರು ತುಂಬಿದರು. ಎರಡನೇ ಬಕೆಟ್ ಸೇರಿಸಿದರು. ಕಬ್ಬಿಣದ ತುಂಡುಗಳನ್ನು ಹಾಕಿದರು. ಕೊನೆಗೆ ಗಂಡ ಬಕೆಟ್‌ಗಳನ್ನೆಲ್ಲ ಬಿಚ್ಚಿಸಿ ತಾನೇ ಸರಪಳಿ ಹಿಡಿದು ಜೋತುಬಿದ್ದ. ಬೆಂಚಿನ ಹಿಂದಿನ ಕಾಲುಗಳು ನೆಲ ಬಿಟ್ಟು ಎದ್ದವು. ಅಣ್ಣ ಓಡಿಬಂದು ಬೆಂಚಿನ ಮೇಲೆ ಕೂತ. ಹಿಡಿಯ ಮರ ಸೀಳುಬಿಟ್ಟಿತು. ಬೀಗ ಬಿಡಲಿಲ್ಲ. ಆಕೆ ಸೀಳಿದ ಮರವನ್ನು ತೆಗೆದು ನೋಡಿ, ಒಳಗಿನ ಪಟ್ಟಿಯ ಮೇಲೆ ಗೀರು ಕೂಡ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸರಿ, ಊಟಕ್ಕೆ ಏಳಿ," ಎಂದಳು.

ನಲವತ್ತೇಳು ಜನರಿಗೆ ಹೊಸ ಚಾಕು ಕಳಿಸಲು ಇನ್ನೊಂದು ವರ್ಷ ಬೇಕಾಯಿತು. ಕೆಲವರು ಅಷ್ಟರಲ್ಲಿ ಬೇರೆ ಕೊಂಡಿದ್ದರು, ಆದರೂ ಇಟ್ಟುಕೊಂಡರು. ಒಬ್ಬ ಹಳೆಯದರ ಟಿಕ್ ಸದ್ದು ಇದರಲ್ಲಿ ಇಲ್ಲವಲ್ಲ ಎಂದು ಬೇಸರಪಟ್ಟು ಬರೆದ. ಉತ್ತರ ಕೊಡದ ಹತ್ತು ಜನರಿಗೆ ಆಕೆ ಮತ್ತೆರಡು ಸಲ ಬರೆದಳು. ಮೂರು ಕಾಗದ ವಿಳಾಸದಾರರಿಲ್ಲ ಎಂದು ಹಿಂದಿರುಗಿದವು. ಆ ಹತ್ತು ಚಾಕು ಎಲ್ಲಿವೆ, ಯಾರ ಜೇಬಿನಲ್ಲಿವೆ ಎಂದು ಆಕೆಗೆ ಗೊತ್ತಾಗಲಿಲ್ಲ. ಅದನ್ನು ನೆನೆದಾಗ ಕೆಲಸ ಬಿಟ್ಟು ಎದ್ದು ಹಿತ್ತಲಿನಲ್ಲಿ ಎರಡು ಸುತ್ತು ಹಾಕಿ ಬರುತ್ತಿದ್ದಳು.

ರಟ್ಟಿನವನ ಅಂಗಡಿಯಿಂದ ನಡುವೆ ಇನ್ನೊಮ್ಮೆ ಬರಿಗೈಯಲ್ಲಿ ಬಂದಿದ್ದ ಆಕೆ ಮೂರನೆಯ ಸಲ ಹೋದಾಗ ಹೊಸದನ್ನು ಅವನ ಮುಂದಿಟ್ಟಳು. ಅವನು ಎತ್ತಿ ನೋಡಿ ಕೆಳಗಿಟ್ಟ.

"ಇದು ಸುತ್ತಿಗೆ," ಎಂದ. "ನನಗೆ ಬೇಕಾಗಿದ್ದು ಚಾಕು."

"ಸರಿ. ಒಂದು ಕೇಳ್ತೀನಿ. ನೀವು ಆ ಹಳೇದನ್ನ ಮಡಚೋದು ಯಾವಾಗ?"

ಅವನು ಯೋಚಿಸಿದ. "ಮಡಚಲ್ಲ. ಬೆಳಿಗ್ಗೆ ಬಿಚ್ಚಿದ್ರೆ ಸಂಜೆ ಬಾಗಿಲು ಹಾಕೋವಾಗ..." ಮತ್ತೆ ಯೋಚಿಸಿದ. "ಆಗಲೂ ಹಾಗೇ ಬಿಟ್ಟು ಹೋಗ್ತೀನಿ."

"ಹಾಗಾದ್ರೆ ಅರ್ಧ ದಿನ ನನಗೆ ಕೊಡಿ. ಕಿತ್ಕೊಳ್ಳಲ್ಲ."

ಅವನು ಅನುಮಾನದಿಂದಲೇ ಕೊಟ್ಟ. ಆಕೆ ಅದನ್ನು ಮನೆಗೆ ತಂದು, ಅಲಗನ್ನು ಪೂರ್ತಿ ಬಿಚ್ಚಿ, ಹಿಡಿಗೂ ಅಲಗಿನ ಬುಡಕ್ಕೂ ಸೇರಿಸಿ ಒಂದು ತೂತು ಕೊರೆದು, ಉಕ್ಕಿನ ಪಿನ್ನು ಹೊಡೆದು ಎರಡೂ ಕಡೆ ತಟ್ಟಿ ಕೂರಿಸಿದಳು. ಇನ್ನು ಅದು ಎಂದೂ ಮಡಚಿಕೊಳ್ಳುವಂತಿರಲಿಲ್ಲ. ಸಂಜೆ ವಾಪಸು ಕೊಟ್ಟಾಗ ರಟ್ಟಿನವನು ಹಿಡಿದು ನೋಡಿ, ಒಂದು ಹಾಳೆ ಕೊಯ್ದು ನೋಡಿ, ತಲೆಯಾಡಿಸಿದ. ಪುಸ್ತಕದ ಬೆನ್ನಿಗೆ ಹಾಕುವ ಚರ್ಮದ ಚೂರಿನಲ್ಲಿ ಅದಕ್ಕೊಂದು ಒರೆ ಹೊಲಿದುಕೊಳ್ಳುತ್ತೇನೆ ಎಂದ.

ಆ ವರ್ಷ ಸಸಿ ತೋಟದವರು ಕಸಿ ಕೆಲಸಕ್ಕೆ ಹೊಸದಾಗಿ ನಾಲ್ವರು ಹೆಂಗಸರನ್ನು ಸೇರಿಸಿಕೊಂಡರು. ಅವರಿಗೆ ಕಲಿಸುವ ಕೆಲಸ ಅಣ್ಣನದು. ಆಕೆ ನಾಲ್ಕು ಚಾಕುಗಳನ್ನು ಕೊಡಲು ಹೋದಾಗ ಅವನು ನೆರಳು ಬಲೆಯ ಕೆಳಗೆ ಅವರನ್ನು ಕೂರಿಸಿಕೊಂಡು ಮಾತಾಡುತ್ತಿದ್ದ. ಬಲಗೈ ಮುಂದೆ ಚಾಚಿದ್ದ.

"ಈ ಬೆರಳು ಹೋಗಿದ್ದು ನನ್ನ ತಂಗಿ ಮಾಡಿದ ಚಾಕುವಿಂದ," ಎಂದ. "ನಿಮ್ಮ ಕೈಗೆ ಬರ್ತಿರೋದೂ ಅವಳೇ ಮಾಡಿದ್ದು. ಅಗೋ, ಅವಳೇ ಬಂದ್ಲು. ಏನಾದ್ರೂ ಕೇಳೋದಿದ್ರೆ ಅವಳನ್ನೇ ಕೇಳಿ."

ನಾಲ್ವರೂ ತಿರುಗಿ ನೋಡಿದರು. ಆಕೆ ಪೊಟ್ಟಣ ಬಿಚ್ಚಿ ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟಳು. ಬಿಚ್ಚಿದ ಮೇಲೆ ಬೆನ್ನ ಮೇಲೆ ಹೆಬ್ಬೆರಳು ಆಡಿಸಿ, ಮೆಟ್ಟಿಲು ಸಿಕ್ಕರೆ ಕೊಯ್ಯಬೇಡಿ, ಮೊದಲು ತೊಳೆಯಿರಿ ಎಂದು ಹೇಳಿದಳು. ಅವರು ಹಾಗೇ ಮಾಡಿದರು. ಅವರಲ್ಲಿ ವಯಸ್ಸಾದವಳೊಬ್ಬಳು ಚಾಕುವನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿದಳು.

"ಭಾರ ಜಾಸ್ತಿ ಕಣಮ್ಮ," ಎಂದಳು.

"ಹೌದು," ಎಂದಳು ಆಕೆ. "ಅದನ್ನೊಂದು ಇಳಿಸೋಕೆ ಇನ್ನೂ ಆಗಿಲ್ಲ."

ಮಧ್ಯಾಹ್ನದವರೆಗೆ ಅಲ್ಲೇ ಇದ್ದು, ಅವರು ಕಾಂಡ ಸೀಳುವುದನ್ನು ಪಕ್ಕದಲ್ಲಿ ನಿಂತು ನೋಡಿ, ಆಕೆ ಬಸ್ಸಿಗೆ ಹೊರಟಳು. ಅಣ್ಣ ಗೇಟಿನವರೆಗೆ ಬಂದ. ಈ ಸಲ ಆಕೆ ಬೇಡ ಎನ್ನಲಿಲ್ಲ.